ಮೂರನೇ ಸಾಲಿನಿಂದ ಕಂಡ ಆಗುಂಬೆ

ತಿಪಟೂರಿನಿಂದ ಉಡುಪಿಯ ಕಡೆಗೆ ಹೊರಡುವ ದಾರಿ ಒಂದೇ ಆದರೂ ಅದರ ಸ್ವಭಾವ ಎರಡು ಬಗೆಯದು. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿಗಳನ್ನು ದಾಟಿ ಶಿವಮೊಗ್ಗ ಮುಟ್ಟುವ ತನಕ ಅದು ಹೆಚ್ಚಾಗಿ ನೆಟ್ಟಗೆ ನಡೆಯುವ ದಾರಿ. ಅಕ್ಕಪಕ್ಕ ತೆಂಗಿನ ತೋಟ, ರಾಗಿ ಹೊಲ, ಕಡೂರು ಕಳೆದ ಮೇಲೆ ಎಡಗಡೆ ದೂರದಲ್ಲಿ ಬಾಬಾಬುಡನ್‌ಗಿರಿಯ ನೀಲಿ ಗೆರೆ. ಶಿವಮೊಗ್ಗ ಕಳೆದು ಗಾಜನೂರು ಬಂತೆಂದರೆ ದಾರಿಯ ಬುದ್ಧಿಯೇ ಬದಲಾಗುತ್ತದೆ. ತುಂಗೆ ಜೊತೆಗೂಡುತ್ತಾಳೆ. ಸಕ್ಕರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆ, ತೀರ್ಥಹಳ್ಳಿ, ಆಮೇಲೆ ಆಗುಂಬೆ. ಅಲ್ಲಿಂದ 14 ಹೇರ್‌ಪಿನ್ ತಿರುವುಗಳನ್ನು ಇಳಿದರೆ ಸೋಮೇಶ್ವರ. ಕರಾವಳಿಯ ಬೆವರು ಶುರು.

ಈ ದಾರಿಯ ಬಗ್ಗೆ ಬರೆದವರು ಬಹಳ ಮಂದಿ. ಆದರೆ ಅವರಲ್ಲಿ ಹೆಚ್ಚಿನವರು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ನೋಡಿದವರು ಎಂಬುದು ನನ್ನ ಗುಮಾನಿ. ಮುಂದಿನ ಗಾಜಿನಲ್ಲಿ ಕಾಣುವ ಮಲೆನಾಡೇ ಬೇರೆ, ಹಿಂದಿನ ಕೊನೆಯ ಸೀಟಿನ ಕಿಟಕಿಯಲ್ಲಿ ತುಣುಕು ತುಣುಕಾಗಿ ಕಾಣುವ ಮಲೆನಾಡೇ ಬೇರೆ. ಅಲ್ಲಿ ಕೂರುವವರು ಯಾರು? ಮನೆಯಲ್ಲಿ ಯಾರು ಕಿರಿಯರೋ ಅವರು. ಅಪ್ಪ ಮುಂದೆ, ಅಜ್ಜಿ ಅಮ್ಮ ನಡುವೆ, ಮಕ್ಕಳು ಹಿಂದೆ. ಮಕ್ಕಳ ಜೊತೆಗೆ ಚೀಲ, ಚಕ್ಕುಲಿ ಡಬ್ಬ, ನೀರಿನ ಕ್ಯಾನು. ಮೂರು ಸಾಲಿನ ವಾಹನಗಳು ನಮ್ಮಲ್ಲಿ ಮನೆಮಾತಾದಾಗಿನಿಂದ ನಡೆದುಬಂದ ಪದ್ಧತಿ ಇದು. ಮಕ್ಕಳು ಒಂದೂವರೆ ಅಡಿ ಉದ್ದ ಬೆಳೆದರೂ ಸೀಟು ಮಾತ್ರ ಬದಲಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅಣ್ಣನ ಮಗಳಿಗೆ ಮಣಿಪಾಲದಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿಗೆ ಬಿಟ್ಟುಬರಬೇಕು. ಅಮ್ಮನ ತವರು ತೀರ್ಥಹಳ್ಳಿಯ ಹತ್ತಿರ. ಅವರಿಗೀಗ ಎಪ್ಪತ್ತೆಂಟು, ಮೊಣಕಾಲು ನೋವಿನಿಂದಾಗಿ ಆರು ವರ್ಷಗಳಿಂದ ಅತ್ತ ಹೋಗಿಲ್ಲ. ದಾರಿಯಲ್ಲೇ ಸಿಗುವ ತವರಿಗೆ ಕರೆದೊಯ್ಯೋಣ ಎಂದು ಅಣ್ಣ ಹೇಳಿದಾಗ ಅಮ್ಮ ತಕ್ಷಣ ಒಪ್ಪಲಿಲ್ಲ. "ಬರ್ತೀನಿ ಮಾರಾಯ, ಆದ್ರೆ ನನ್ನನ್ನ ಹಿಂದೆ ತುರುಕಬೇಡಿ. ಇಳಿಯೋಕೆ ಇಬ್ಬರು ಎಳೀಬೇಕಾಗುತ್ತೆ" ಅಂದರು. ಹೀಗಾಗಿ ನಮ್ಮ ಪ್ರವಾಸದ ಮೊದಲ ಪ್ರಶ್ನೆ ಎಲ್ಲಿ ಉಳಿಯುವುದು, ಏನು ನೋಡುವುದು ಎಂಬುದಾಗಿರದೆ ಯಾರು ಎಲ್ಲಿ ಕೂರುವುದು ಎಂಬುದಾಯಿತು.

ಹೊರಡುವವರು ಆರು ಮಂದಿ. ಅಮ್ಮ, ಅಣ್ಣ, ಅತ್ತಿಗೆ, ಮಗಳು, ಹತ್ತು ವರ್ಷದ ಅವಳ ತಮ್ಮ, ಮತ್ತೆ ನಾನು. ಏಳು ಸೀಟಿನ ಗಾಡಿ ಅಂದರೆ ಡ್ರೈವರ್ ಸೇರಿ ಏಳು ಎಂಬ ಸರಳ ಲೆಕ್ಕ ಬಾಡಿಗೆ ಮಾತಾಡುವಾಗ ಎಷ್ಟೋ ಮನೆಗಳಲ್ಲಿ ಮರೆತುಹೋಗುತ್ತದೆ. ಹೊರಡುವ ಬೆಳಿಗ್ಗೆ ಒಬ್ಬರು ಹೆಚ್ಚಾಗಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದನ್ನು ಎಲ್ಲ ಊರಿನಲ್ಲೂ ನೋಡುತ್ತೇವೆ. ಘಾಟಿಯ ದಾರಿಯಲ್ಲಿ ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಅಣ್ಣನಿಗೆ ಒಂದು ವಾಹನ ಕೊಳ್ಳುವ ಯೋಚನೆಯೂ ಇದ್ದುದರಿಂದ, ಬಾಡಿಗೆಗೆ ಹಿಡಿಯುವ ಮೊದಲು ಎರಡು ಭಾನುವಾರ ತುಮಕೂರಿನ ಷೋರೂಮುಗಳನ್ನು ಸುತ್ತಿದೆವು. ಅಣ್ಣ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಲೀಟರಿಗೆ ಎಷ್ಟು ಕೊಡುತ್ತೆ? ಮಗಳು ಮಾತ್ರ ನೇರವಾಗಿ ಹಿಂದಿನ ಬಾಗಿಲಿನಿಂದ ನುಗ್ಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಐದಡಿ ಏಳಂಗುಲದ ಹುಡುಗಿ. ರಫ್ ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಾಲ್ಕು ಕಲಂ ಗೀಚಿಕೊಂಡಿದ್ದಳು: ಪಾದ, ಮೊಣಕಾಲು, ತೊಡೆ, ತಲೆ. ಮುಂದಿನ ಸೀಟಿನ ಕೆಳಗೆ ಪಾದ ತೂರುತ್ತದೆಯೇ, ಮೊಣಕಾಲಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ಒಂದು ಮುಷ್ಟಿ ಹಿಡಿಸುತ್ತದೆಯೇ, ತೊಡೆ ಸೀಟಿಗೆ ತಾಗಿಕೊಂಡಿದೆಯೇ ಅಥವಾ ಗಾಳಿಯಲ್ಲಿ ತೇಲುತ್ತಿದೆಯೇ, ತಲೆ ಚಾವಣಿಗೆ ಬಡಿಯುತ್ತದೆಯೇ. ಷೋರೂಮಿನ ಹುಡುಗರು ತೋರಿಸುವ ಗಾಜಿನ ಚಾವಣಿಯೂ ದೊಡ್ಡ ಟಿವಿಯಂಥ ಪರದೆಯೂ ಅವಳ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಿದರೆ ತಪ್ಪಾಗಲಾರದು. ನಮ್ಮ ಬಾಲ್ಯದಲ್ಲಿ ಮದುವೆ ದಿಬ್ಬಣಕ್ಕೆ ಮೆಟಡೋರ್, ಹಳ್ಳಿಗೆ ಟ್ರ್ಯಾಕ್ಸ್. 1994ರಲ್ಲಿ ಟಾಟಾ ಸುಮೋ ಬಂತು. ಹಿಂದೆ ಎದುರುಬದುರಾಗಿ ಎರಡು ಬೆಂಚು. ಕೂತವರ ಮೊಣಕಾಲು ಮೊಣಕಾಲಿಗೆ ತಾಗಿ ಅಪರಿಚಿತರೂ ನೆಂಟರಾಗುತ್ತಿದ್ದರು. 2000ದಲ್ಲಿ ನಮ್ಮ ಬಿಡದಿಯಲ್ಲೇ ತಯಾರಾದ ಟೊಯೋಟಾ ಕ್ವಾಲಿಸ್ ಬಂದು ಟ್ಯಾಕ್ಸಿಯವರ ಮನಸ್ಸು ಗೆದ್ದಿತು. 2002ರಲ್ಲಿ ಮಹೀಂದ್ರಾ ಸ್ಕಾರ್ಪಿಯೋ, 2005ರಲ್ಲಿ ಇನ್ನೋವಾ, 2012ರಲ್ಲಿ ಮಾರುತಿ ಎರ್ಟಿಗಾ. 2021ರಲ್ಲಿ ಹೊಸ ಸಫಾರಿ, ಆಲ್ಕಜಾರ್, ಎಕ್ಸ್‌ಯುವಿ700 ಒಂದೇ ವರ್ಷದಲ್ಲಿ ಬಂದವು. ಮರುವರ್ಷ ಕಿಯಾ ಕ್ಯಾರೆನ್ಸ್, ಸ್ಕಾರ್ಪಿಯೋ-ಎನ್. ಮೂರನೇ ಸಾಲು ಎಂಬುದು ದಿಬ್ಬಣದ ಅನಿವಾರ್ಯವಾಗಿದ್ದ ಕಾಲ ಹೋಗಿ ಮಧ್ಯಮವರ್ಗದ ಮನೆಯ ಆಸೆಯಾದ ಕಾಲ ಬಂತು.

ಇವುಗಳ ಚಕ್ರಾಂತರ, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರವನ್ನು ಮಗಳು ಕೈಪಿಡಿಗಳಿಂದ ಬರೆದುಕೊಂಡಳು. ಎರ್ಟಿಗಾ 2740 ಮಿಲಿಮೀಟರ್, ಎಕ್ಸ್‌ಯುವಿ700 ಮತ್ತು ಇನ್ನೋವಾ ಕ್ರಿಸ್ಟಾ 2750, ಆಲ್ಕಜಾರ್ 2760, ಕ್ಯಾರೆನ್ಸ್ 2780. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಇರುವುದು 40 ಮಿಲಿಮೀಟರ್, ಎರಡು ಬೆರಳಿನ ಅಗಲ. ಇನ್ನೋವಾ ಹೈಕ್ರಾಸ್ ಮಾತ್ರ 2850 ಇದ್ದು ಎಲ್ಲರಿಗಿಂತ ಉದ್ದ. ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರ, ಚಕ್ರಗಳ ನಡುವೆ ಬೆರಳುಗಳ ಅಂತರ! ಹಾಗಿದ್ದ ಮೇಲೆ ಒಂದರಲ್ಲಿ ಕೂತರೆ ಹಾಯೆನಿಸಿ ಇನ್ನೊಂದರಲ್ಲಿ ಕಪ್ಪೆಯಂತೆ ಮುದುಡಬೇಕಾಗುವುದು ಏಕೆ?

ಉತ್ತರ ಇರುವುದು ನೆಲದಲ್ಲಿ. ಎಸ್‌ಯುವಿಗಳಲ್ಲಿ ಹಲವು ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಮೈ ಕೂರಿಸಿದವು. ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ದಂಡ, ಅದರ ತುದಿಯ ಗಡ್ಡೆಯಂಥ ಗೇರುಪೆಟ್ಟಿಗೆ, ಎಲ್ಲವೂ ಕೊನೆಯ ಸಾಲಿನ ಕೆಳಗೇ ಬರುತ್ತವೆ. ನೆಲ ಮೇಲೇರುತ್ತದೆ. ಚಾವಣಿ ಅಷ್ಟೇ ಇರುವುದರಿಂದ ಸೀಟನ್ನು ಮೇಲೆತ್ತಲಾಗದು. ಸೀಟಿಗೂ ನೆಲಕ್ಕೂ ನಡುವಿನ ಎತ್ತರ ಕಡಿಮೆಯಾಗಿ ಮೊಣಕಾಲು ಎದೆಯ ಕಡೆಗೆ ಬರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ, ಇಡೀ ಮೈಭಾರ ಬೆನ್ನಿನ ಕೆಳತುದಿಯ ಮೇಲೆ. ಅರ್ಧ ಗಂಟೆಗೆ ಇದು ಗೊತ್ತಾಗುವುದಿಲ್ಲ. ತರೀಕೆರೆ ಬರುವಷ್ಟರಲ್ಲಿ ಗೊತ್ತಾಗುತ್ತದೆ. ಎರ್ಟಿಗಾ, ಕ್ಯಾರೆನ್ಸ್‌ಗಳಂಥವು ಮುಂದಿನ ಚಕ್ರಗಳಿಂದ ಎಳೆಯಲ್ಪಡುವ, ಪ್ರತ್ಯೇಕ ಚೌಕಟ್ಟಿಲ್ಲದ ಗಾಡಿಗಳಾದ್ದರಿಂದ ಅವುಗಳ ನೆಲ ತಗ್ಗು. ಇನ್ನೋವಾ ಕ್ರಿಸ್ಟಾ ಇದಕ್ಕೊಂದು ಅಪವಾದ. ಅದಕ್ಕೂ ಏಣಿ ಚೌಕಟ್ಟೇ, ಹಿಂದಿನ ಚಕ್ರದ ಓಟವೇ. ಆದರೆ ಮೈ ಉದ್ದವಾಗಿ, ಚಾವಣಿ ಎತ್ತರವಾಗಿ, ಹಿಂದಿನವರನ್ನು ಲೆಕ್ಕದಲ್ಲಿಟ್ಟುಕೊಂಡು ಕಟ್ಟಿದ ಗಾಡಿ. ಹೊರಗಿನಿಂದ ಸಲಗದಂತೆ ಕಾಣುವ ವಾಹನದ ಒಳಗೆ ಹಿಂದೆ ಜಾಗ ಹೆಚ್ಚಿರಬೇಕೆಂದು ಲೆಕ್ಕ ಹಾಕುವುದು, ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ತೂಗಿ ಕೊಬ್ಬರಿ ಲೆಕ್ಕ ಹಿಡಿದಂತೆ. ತಿಪಟೂರಿನವನಾದ್ದರಿಂದ ಈ ಹೋಲಿಕೆ ಬಂತು, ಓದುಗರು ಕ್ಷಮಿಸಬೇಕು.

ಇನ್ನೊಂದು ಸಂಗತಿ ಸರಂಜಾಮಿನದು. ಹಾಸ್ಟೆಲಿಗೆ ಹೊರಟ ಹುಡುಗಿಯ ಹೊರೆ ಸಣ್ಣದಲ್ಲ. ಒಂದು ಟ್ರಂಕು, ಹಾಸಿಗೆ ಸುರುಳಿ, ಬಕೆಟ್ಟು, ಪುಸ್ತಕದ ರಟ್ಟಿನ ಪೆಟ್ಟಿಗೆ, ಅತ್ತಿಗೆ ಮೂರು ದಿನ ಕೂತು ಮಾಡಿದ ಕೋಡುಬಳೆ. ಮೂರು ಸಾಲೂ ಬಿಚ್ಚಿದ್ದಾಗ ಹಿಂದೆ ಉಳಿಯುವ ಜಾಗ ಆಲ್ಕಜಾರ್‌ನಲ್ಲಿ 180 ಲೀಟರ್, ಎರ್ಟಿಗಾದಲ್ಲಿ 209, ಕ್ಯಾರೆನ್ಸ್‌ನಲ್ಲಿ 216 ಎಂದು ಕಂಪನಿಗಳು ಕೊಟ್ಟ ಲೆಕ್ಕ. ಮೂರ್ನಾಲ್ಕು ಕೈಚೀಲಗಳಿಗೆ ಸಾಕು, ಟ್ರಂಕಿಗೆ ಸಾಲದು. ಜಾಹೀರಾತಿನಲ್ಲಿ ಏಳು ಜನ ನಗುತ್ತಾ ಕೂತಿರುತ್ತಾರೆ. ಅವರ ಹಾಸಿಗೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕಡೆಗೆ ಬಸ್ ಸ್ಟ್ಯಾಂಡಿನ ಬಳಿ ಪರಿಚಯದ ಡ್ರೈವರೊಬ್ಬರ ಎಂಟು ಸೀಟಿನ ಕ್ರಿಸ್ಟಾ ಗೊತ್ತುಮಾಡಿ, ಮೇಲೆ ಕ್ಯಾರಿಯರ್ ಹಾಕಿಸಿ, ಟ್ರಂಕು ಬಕೆಟ್ಟುಗಳಿಗೆ ಟಾರ್ಪಾಲು ಬಿಗಿದು ಬೆಳಿಗ್ಗೆ ಐದಕ್ಕೆ ಹೊರಟೆವು. ಮುಂದೆ ಅಣ್ಣ, ನಡುವೆ ಅಮ್ಮ, ಹುಡುಗ, ಅತ್ತಿಗೆ, ಹಿಂದೆ ಮಗಳು ಮತ್ತು ನಾನು, ನಮ್ಮ ನಡುವೆ ಹಾಸಿಗೆ ಸುರುಳಿ.

ಬಯಲಿನ ದಾರಿಯಲ್ಲಿ ಹಿಂದಿನ ಸಾಲಿಗೆ ಬರುವ ಕಷ್ಟ ಕಾಲಿನದು. ನಡುಸಾಲಿನ ಸೀಟು ಹಿಂದೆ ಮುಂದೆ ಜರುಗುವಂಥದ್ದಾದ್ದರಿಂದ ಜಾಗ ಎಂಬುದು ಅಲ್ಲಿ ಒಂದು ಒಪ್ಪಂದ. ಅತ್ತಿಗೆ ನಾಲ್ಕು ಬೆರಳು ಮುಂದೆ ಜರುಗಿದರೆ ನನ್ನ ಮೊಣಕಾಲಿಗೆ ಬಿಡುಗಡೆ. ಅಮ್ಮನ ಸೀಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅವರ ಹಿಂದೆ ಕೂತಿದ್ದ ಮಗಳು ಕಾಲು ಓರೆ ಮಾಡಿಕೊಂಡು, "ಅಜ್ಜಿ, ನೀವು ಹಿಂದಕ್ಕೆ ಒರಗಿಕೊಳ್ಳಿ, ನಂಗೇನೂ ಆಗಲ್ಲ" ಎಂದು ಎರಡು ಸಲ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಬೀರೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಅಮ್ಮ ಇಳಿಯಲು ಬಾಗಿಲ ಕಂಬದ ಹಿಡಿಕೆ, ಕೆಳಗಿನ ಮೆಟ್ಟಿಲು ಎರಡೂ ಬೇಕಾದವು. ವಯಸ್ಸಾದವರಿಗೆ ವಾಹನ ನೋಡುವಾಗ ಸೀಟಿನ ಮೆತ್ತೆಗಿಂತ ಮೊದಲು ನೋಡಬೇಕಾದದ್ದು ಇವನ್ನೇ. ಎತ್ತರದ ಗಾಡಿ ಹತ್ತಲು ಕಷ್ಟ, ತೀರಾ ತಗ್ಗಿನದು ಏಳಲು ಕಷ್ಟ. ಸೊಂಟದ ಮಟ್ಟಕ್ಕೆ ಸೀಟು ಬಂದರೆ ಹಿಂದೆ ಸರಿದು ಕೂತು ಕಾಲು ಒಳಗೆ ಎಳೆದುಕೊಳ್ಳಬಹುದು; ಜಗಲಿಯ ಮೇಲೆ ಕೂರುವ ಹಾಗೆ.

ಮಂಡಗದ್ದೆಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳು ಅರ್ಧ ಮುಳುಗಿ, ಮೇಲಿನ ಕೊಂಬೆಗಳ ತುಂಬ ಬೆಳ್ಳಕ್ಕಿಗಳು, ನೀರುಕಾಗೆಗಳು. ಮಳೆಗಾಲದ ಈ ಕೆಲವು ತಿಂಗಳೇ ಅವುಗಳ ಬಾಣಂತನದ ಕಾಲ. ಹುಡುಗ ಕಿಟಕಿ ಇಳಿಸಿ ಕೂಗಿದ. ಹಿಂದಿನ ಸಾಲಿನ ಕಿಟಕಿ ಇಳಿಯುವಂಥದ್ದಲ್ಲ, ಮಂಜು ಕಟ್ಟಿದ ಗಾಜನ್ನು ಮಗಳು ಅಂಗೈಯಿಂದ ಒರೆಸಿ ನೋಡಿದಳು. ಇಂಥ ಗಾಜಿನ ಹಿಂದೆ ಕೂತವರಿಗೆ ಚಾವಣಿಯಿಂದ ಬರುವ ತಂಪುಗಾಳಿಯೇ ಉಸಿರು. ಕೊನೆಯ ಸಾಲಿಗೆ ಬೇರೆಯಾಗಿ ಗಾಳಿಕಿಂಡಿ ಇದೆಯೇ ಎಂದು ನೋಡುವುದು ಷೋಕಿಯಲ್ಲ.

ಅಮ್ಮನ ತವರಿನಲ್ಲಿ ಊಟ. ತೋಟದ ಅಂಚಿನ ಹಳೆಯ ಮನೆ, ಒದ್ದೆ ಹಾಳೆಯ ವಾಸನೆ, ಕೆಸುವಿನ ಪತ್ರೊಡೆ. ಸೋದರಮಾವ ಅಂಗಳಕ್ಕೆ ಬಂದು "ಅಕ್ಕಯ್ಯ ಬಂದ್ಳು" ಎಂದು ಒಳಗೆ ಕೂಗಿ ಹೇಳಿದ್ದು ಬಿಟ್ಟರೆ ಅಲ್ಲಿಯ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಎರಡು ದಿನ ಅಲ್ಲೇ ಉಳಿಯುವುದಾಗಿ ಹೇಳಿದರು. ಬರುವಾಗ ಕರೆದುಕೊಂಡು ಹೋದರೆ ಸಾಕು. ಮೊಮ್ಮಗಳ ಕೈಗೆ ಒಂದು ನಿಂಬೆಹಣ್ಣು ಇಟ್ಟು, "ಘಾಟಿಲಿ ಮೂಸ್ತಾ ಇರು" ಎಂದರು.

ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಆಗಸ್ಟಿನಲ್ಲಿ ಸೂರ್ಯಾಸ್ತ ಹುಡುಕುವವರು ಯಾರೂ ಇರುವುದಿಲ್ಲ. ಶಂಕರನಾಗ್ ಅವರು 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಚಿತ್ರಿಸಿದ ಬೀದಿ ಮಂಜಿನಲ್ಲಿ ಕರಗಿಹೋಗಿತ್ತು. 2005ರಲ್ಲಿ ರೊಮುಲಸ್ ವಿಟೇಕರ್ ಕಟ್ಟಿದ ಮಳೆಕಾಡಿನ ಸಂಶೋಧನಾ ಕೇಂದ್ರ ಇರುವುದೂ ಇದೇ ಊರಿನಲ್ಲಿ. ಕಾಳಿಂಗಸರ್ಪಗಳ ಅಧ್ಯಯನದಿಂದ ಹೆಸರಾದದ್ದು. ಘಾಟಿಯ ತಿರುವುಗಳು ಎಷ್ಟು ಬಿಗಿಯೆಂದರೆ ಇಲ್ಲಿ ಬಹುಕಾಲದಿಂದ ಓಡಾಡುತ್ತಿರುವುದು ಸಣ್ಣ ಬಸ್ಸುಗಳೇ. ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ಮನೆಮಂದಿಯೆಲ್ಲ ಒಟ್ಟಿಗೆ ಇಳಿಯಬೇಕೆಂದರೆ ಮೂರು ಸಾಲಿನ ಗಾಡಿಗೆ ಇಲ್ಲಿ ಇಷ್ಟೊಂದು ಬೇಡಿಕೆ ಇರುವುದು ಇದಕ್ಕೇ.

ಎರಡನೇ ತಿರುವು ಮುಗಿಯುವಷ್ಟರಲ್ಲಿ ಮಗಳ ಮುಖ ಬಿಳಿಚಿತು. ಕೊನೆಯ ಸಾಲು ಹಿಂದಿನ ಚಕ್ರಗಳ ಮೇಲೆಯೇ ಬರುತ್ತದೆ. ಗಾಡಿ ಕುಣಿದಾಗ ನಡುವೆ ಕೂತವರಿಗೆ ಒಂದು ಅಂಗುಲವಾದರೆ ಅಲ್ಲಿ ಕೂತವರಿಗೆ ಅದಕ್ಕಿಂತ ಹೆಚ್ಚು, ಏತದ ತುದಿಯಂತೆ. ಅದರ ಮೇಲೆ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ನಾವು ನಿಂತಿದ್ದೇವೆ ಎಂದು ಕಣ್ಣು ಹೇಳುತ್ತದೆ, ತಿರುಗುತ್ತಿದ್ದೇವೆ ಎಂದು ಕಿವಿಯೊಳಗಿನ ಸಮತೋಲದ ಅಂಗ ಹೇಳುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಸಾಲದ್ದಕ್ಕೆ ಅವಳು ಹೊಸ ರೂಂಮೇಟಿಗೆ ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲೇ ನೋಡಿದರು. "ಮೊಬೈಲ್ ಒಳಗಿಡಮ್ಮ. ದೂರ ನೋಡು" ಎಂದು, ಸ್ವಲ್ಪ ಅಗಲವಿದ್ದ ಕಡೆ ಗಾಡಿ ನಿಲ್ಲಿಸಿದರು. ನಿಂಬೆಹಣ್ಣು ಮೂಸಿದ್ದಾಯಿತು, ನೀರು ಕುಡಿದದ್ದಾಯಿತು.

ಆಗ ಅಣ್ಣ ಮುಂದಿನ ಸೀಟಿನಿಂದ ಇಳಿದು, ಏನೂ ಹೇಳದೆ, ಮಗಳಿಗೆ ಕೈತೋರಿಸಿದ. ಅವಳು ಮುಂದೆ ಕೂತಳು. ಅಮ್ಮನ ಸೀಟು ಖಾಲಿಯಿತ್ತು. ಅಣ್ಣ ಅಲ್ಲಿ ಕೂರಬಹುದಿತ್ತು. ಆದರೆ ನಡುವೆ ಕೂತಿದ್ದ ಹುಡುಗ ಆಗಲೇ ಅಲ್ಲಿಗೆ ಜರುಗಿ, ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಆರಡಿಯ ಅಣ್ಣ ಮಡಚಿಕೊಂಡು ಹಿಂದೆ ಬಂದು ನನ್ನ ಪಕ್ಕದಲ್ಲಿ ಹಾಸಿಗೆ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೊರಡುವ ಮೊದಲು ಡ್ರೈವರ್ ಹುಡುಗನನ್ನು ಎಬ್ಬಿಸಿ ನೆಟ್ಟಗೆ ಕೂರಿಸಿ ಬೆಲ್ಟು ಹಾಕಿಸಿದರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಓಡಿಸಿದರೆ 1000 ರೂಪಾಯಿ ದಂಡ ಎಂದು ಹೇಳಿದ್ದೂ ಅವರೇ. "ದಂಡ ಬಿಡಿ ಸಾರ್, ಬ್ರೇಕ್ ಹಾಕಿದ್ರೆ ಮಗು ಎಲ್ಲಿರುತ್ತೆ?" ಎಂದರು. ಸೈರಸ್ ಮಿಸ್ತ್ರಿಯಂಥ ದೊಡ್ಡ ಉದ್ಯಮಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟು ಹಾಕಿರಲಿಲ್ಲ. ಅಡ್ಡ ಬೆಂಚಿನ ಹಳೆಯ ಗಾಡಿಗಳಿಗೆ ಮಕ್ಕಳನ್ನು ಹತ್ತಿಸಿ ಕಳಿಸುವ ತಂದೆತಾಯಂದಿರು ಇದನ್ನು ಯೋಚಿಸಬೇಕು. ಪಕ್ಕಕ್ಕೆ ಮುಖ ಮಾಡಿ ಕೂತ ಮೈಯನ್ನು ಬ್ರೇಕು ಹಾಕಿದಾಗ ತಡೆಯುವುದಕ್ಕೆ ಎದುರಿಗೆ ಏನೂ ಇರುವುದಿಲ್ಲ.

ಉಳಿದ ತಿರುವುಗಳನ್ನು ಅಣ್ಣ ಒಂದು ಮಾತಿಲ್ಲದೆ ಇಳಿದ. ಅವನ ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡಿತ್ತು, ತಲೆ ತಿರುವಿಗೊಮ್ಮೆ ಚಾವಣಿಗೆ ತಾಗುತ್ತಿತ್ತು. ಎರಡು ಭಾನುವಾರ ಮಗಳು ಕಲಂ ಹಾಕಿ ತೋರಿಸಿದರೂ ನೋಡದಿದ್ದ ಮನುಷ್ಯ. ಈಗ ನೋಡುತ್ತಿದ್ದದ್ದು ಮಾತ್ರ ನೇರ ಮುಂದಕ್ಕೆ, ಎರಡು ಸಾಲುಗಳಾಚೆ ಕಾಣುವ ಮಗಳ ಜಡೆಯನ್ನು. ಸೋಮೇಶ್ವರದಲ್ಲಿ ಮಳೆ ನಿಂತಿತು. ಹೆಬ್ರಿಯಲ್ಲಿ ಚಹಾ ಕುಡಿಯಲು ಇಳಿದಾಗ ಅವಳು ಚೇತರಿಸಿಕೊಂಡಿದ್ದಳು. "ಅಪ್ಪಾಜಿ, ನೀವು ಮುಂದೆ ಬನ್ನಿ" ಅಂದಳು. "ಇರಲಿ, ಇನ್ನೇನು ಬಂದೇ ಬಿಡ್ತು" ಅಂದ. ಹೆಬ್ರಿಯಿಂದ ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲ ಸೇರಲು ಇನ್ನೂ ಒಂದು ಗಂಟೆ ಹಿಡಿಯಿತು.

ವಾಹನ ಕೊಳ್ಳುವವರಿಗೆ ಇಷ್ಟು ಹೇಳಬಹುದು. ಷೋರೂಮಿಗೆ ಹೋದಾಗ ಮನೆಯ ಅತ್ಯಂತ ಉದ್ದನೆಯವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಕೂತು ಹತ್ತು ನಿಮಿಷ ಸುಮ್ಮನೆ ಇರಿ. ಐದು ನಿಮಿಷ ಸಾಲದು. ನಡುಸಾಲು ಬೆಂಚೋ, ಬಿಡಿ ಕುರ್ಚಿಗಳೋ ಎಂಬ ಚರ್ಚೆಯಲ್ಲಿ ನನ್ನ ಮತ ಬಿಡಿ ಕುರ್ಚಿಗೆ. ಹಿಂದಿನವರಿಗೆ ನಡುವಿನ ಓಣಿಯಿಂದ ದಾರಿಯೂ ಕಾಣುತ್ತದೆ, ಕಾಲೂ ಚಾಚಬಹುದು. ಆದರೆ ಅದರಿಂದ ಒಂದು ಸೀಟು ಹೋಗುತ್ತದೆ, ಅಜ್ಜಿಯನ್ನೋ ಸೋದರತ್ತೆಯನ್ನೋ ಮನೆಯಲ್ಲಿ ಬಿಡಬೇಕಾಗುತ್ತದೆ. ಹಿಂದಿನ ಸಾಲಿಗೆ ವರ್ಷಕ್ಕೆ ಎರಡೇ ಸಲ ಕೆಲಸವಿರುವ ಮನೆಯವರು ಐದು ಸೀಟಿನದನ್ನು ಕೊಂಡು, ಆ ಎರಡು ಸಲ ಬಾಡಿಗೆಗೆ ಹಿಡಿಯುವುದು ಲೇಸು. ಅಣ್ಣ ಇನ್ನೂ ಕೊಂಡಿಲ್ಲ. ಮೈಲೇಜ್ ಕೇಳುವುದನ್ನು ಮಾತ್ರ ನಿಲ್ಲಿಸಿದ್ದಾನೆ.

ಹಾಸ್ಟೆಲಿನಲ್ಲಿ ಟ್ರಂಕು ಮೂರನೇ ಮಹಡಿ ಏರಿತು. ವಾರ್ಡನ್ ಗಂಡಸರನ್ನು ಮೇಲೆ ಬಿಡಲಿಲ್ಲ. ಅಣ್ಣ ಕೆಳಗೇ ನಿಂತು ಖಾಲಿ ಹಗ್ಗವನ್ನು ಸುತ್ತಿ ಸುತ್ತಿ ಮತ್ತೆ ಬಿಚ್ಚುತ್ತಿದ್ದ. ಮರುದಿನ ಉಡುಪಿಯಲ್ಲಿ ದರ್ಶನ ಮುಗಿಸಿ ಹೊರಟಾಗ ಕೊನೆಯ ಸಾಲಿನಲ್ಲಿ ಕೂರುವವರು ಯಾರೂ ಇರಲಿಲ್ಲ. ಡ್ರೈವರ್ ಅದರ ಅರ್ಧವನ್ನು ಮಡಚಿ ಪಕ್ಕದ ಗೋಡೆಗೆ ಕೊಂಡಿ ಹಾಕಿದರು. ಆ ಜಾಗದಲ್ಲಿ ಅತ್ತಿಗೆ ಎರಡು ಬುಟ್ಟಿ ಮಟ್ಟುಗುಳ್ಳ ಇಡಿಸಿದರು, ಒಂದು ಮನೆಗೆ, ಒಂದು ಅಮ್ಮನ ತವರಿಗೆ.